‘ಟ್ರ್ಯಾಕ್ 01’ ಅನ್ನೋ ಹೆಸರಿನ 212 ಹಾಡುಗಳು

ಅಮ್ಮ ಕೇಳಿದ್ದು ಒಂದೇ ಒಂದು ಹಾಡು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಮದುವೆಗೆ ಹೊರಟಿದ್ದೆವು. ಕಾರಿನ ಸ್ಟೀರಿಯೋಗೆ ಪೆನ್‌ಡ್ರೈವ್ ಸಿಕ್ಕಿಸಿ, "ಇದರಲ್ಲಿ ಎಲ್ಲಾ ಇದೆ, ಯಾವುದು ಬೇಕು ಹೇಳಮ್ಮ" ಅಂತ ಜಂಬದಿಂದ ಕೇಳಿದ್ದೆ.

"ಕಲ್ಪನಾದು ಹಾಕೇ. ಜಾನಕಿ ಹಾಡಿರೋದು" ಅಂದಳು.

ಸ್ಕ್ರೀನಿನಲ್ಲಿ ಕಂಡಿದ್ದು ಟ್ರ್ಯಾಕ್ 01. ಕೆಳಗೆ ಇನ್ನೊಂದು ಟ್ರ್ಯಾಕ್ 01. ಅದರ ಕೆಳಗೆ ಅನ್‌ನೋನ್ ಆರ್ಟಿಸ್ಟ್. ಆಮೇಲೆ ಯಾವುದೋ ಡೌನ್‌ಲೋಡ್ ಸೈಟಿನ ಹೆಸರು, ಮತ್ತೆ ಅದೇ ಸೈಟಿನ ಹೆಸರು. ಒಂದೊಂದೇ ಒತ್ತಿ ನೋಡುತ್ತಾ ಹೋದೆ. ಮಂಡಗದ್ದೆ ದಾಟಿದರೂ ಕಲ್ಪನಾ ಸಿಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಪ್ಪ, "ಕ್ಯಾಸೆಟ್ ಆಗಿದ್ರೆ 31ನೇ ನಂಬರ್, ಬಿ ಸೈಡ್" ಅಂದು ಮತ್ತೆ ಕಣ್ಣು ಮುಚ್ಚಿದರು.

ಆ ಮಾತು ನನಗೆ ಚುಚ್ಚಿತು. ಅವರ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದವಳೇ ನಾನು.

ಅಪ್ಪ ಹುಬ್ಬಳ್ಳಿ ಆರ್‌ಎಂಎಸ್‌ನಲ್ಲಿ ಸಾರ್ಟರ್ ಆಗಿದ್ದರು. ಆರ್‌ಎಂಎಸ್ ಅಂದರೆ ರೈಲ್ವೆ ಮೇಲ್ ಸರ್ವಿಸ್, ಅಂಚೆಯ ಚೀಲ ಬಿಚ್ಚಿ ಕಾಗದಗಳನ್ನ ಊರೂರಿಗೆ ವಿಂಗಡಿಸೋ ಜಾಗ. ರಾತ್ರಿ ಪಾಳಿ ಮುಗಿಸಿ ಬಂದು ಸ್ವಲ್ಪ ಮಲಗಿ ಎದ್ದರೆ ಟು-ಇನ್-ಒನ್‌ನಲ್ಲಿ ಧಾರವಾಡ ಆಕಾಶವಾಣಿ ಶುರು. ಇಷ್ಟವಾದದ್ದು ಬಂದರೆ ಎರಡು ಗುಂಡಿ ಒಟ್ಟಿಗೆ ಒತ್ತಿ ರೆಕಾರ್ಡ್ ಮಾಡೋರು. ಹೀಗೆ ಸೇರಿದ್ದು, ಅಂಗಡಿಯಲ್ಲಿ ಕೊಂಡಿದ್ದು ಎಲ್ಲಾ ಸೇರಿ 74 ಕ್ಯಾಸೆಟ್. ಪ್ರತಿಯೊಂದಕ್ಕೂ ನಂಬರ್. ಒಂದು ಉದ್ದನೆಯ ರೂಲ್ಡ್ ನೋಟ್‌ಬುಕ್ಕಿನಲ್ಲಿ ನಂಬರಿನ ಎದುರು ಹಾಡು, ಹಾಡಿದವರು, ಎಲ್ಲಿ ಶುರು ಎಲ್ಲಿ ಮುಕ್ತಾಯ, ಎಲ್ಲಾ.

ಕಾಲೇಜಿನಲ್ಲಿದ್ದಾಗ ಒಂದು ಬೇಸಿಗೆ ರಜೆ ಪೂರ್ತಿ ಕೂತು ಅವನ್ನು ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಒಂದು ವೈರು, ಅಷ್ಟೆ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷ ಬೇಕೇ ಬೇಕು, ಅದರಲ್ಲಿ ಅವಸರ ನಡೆಯೋದಿಲ್ಲ. ಅವಸರ ಮಾಡಿದ್ದು ಹೆಸರಿಡೋದರಲ್ಲಿ. ಒಂದೊಂದು ಸೈಡನ್ನೂ ಹಾಡು ಹಾಡಾಗಿ ತುಂಡು ಮಾಡಿ ಟ್ರ್ಯಾಕ್ 01, ಟ್ರ್ಯಾಕ್ 02 ಅಂತ ಸೇವ್ ಮಾಡಿದೆ. ಹೆಸರು ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಆ ‘ಆಮೇಲೆ’ ಬರಲೇ ಇಲ್ಲ.

ಇದಕ್ಕೆ ನಂತರ ಸೇರಿದ್ದು: 150 ಹಾಡು ತುಂಬಿದ ಎಂಪಿ3 ಸಿಡಿಗಳು, ಚಿಕ್ಕಪ್ಪನ ಮಗನ ಹಾರ್ಡ್ ಡಿಸ್ಕಿನಿಂದ ಕಾಪಿ ಹೊಡೆದಿದ್ದು, ನಾನೇ ಕೊಂಡು ರಿಪ್ ಮಾಡಿದ, ಅಂದರೆ ಹಾಡುಗಳನ್ನ ಕಂಪ್ಯೂಟರಿಗೆ ಇಳಿಸಿಕೊಂಡ, ಆಡಿಯೋ ಸಿಡಿಗಳು. ಆಡಿಯೋ ಸಿಡಿಯದ್ದು ಒಂದು ವಿಚಿತ್ರ. ಸಾಮಾನ್ಯವಾಗಿ ಅದರಲ್ಲಿ ಹಾಡಿನ ಹೆಸರೇ ಬರೆದಿರೋದಿಲ್ಲ. ಪ್ಲೇಯರು ಎಷ್ಟು ಹಾಡಿದೆ, ಒಂದೊಂದು ಎಷ್ಟು ಉದ್ದ ಅಂತ ನೋಡಿ, ಇಂಟರ್ನೆಟ್ಟಿನಲ್ಲಿ ಹೊಂದುವ ಸಿಡಿ ಹುಡುಕಿ ಹೆಸರು ತರುತ್ತದೆ. ನೆಟ್ ಇಲ್ಲದೆ ರಿಪ್ ಮಾಡಿದರೆ ಮತ್ತೆ ಅದೇ ಟ್ರ್ಯಾಕ್ 01. ಮದುವೆಯಿಂದ ವಾಪಸ್ ಬಂದ ರಾತ್ರಿ ಎಣಿಸಿದೆ. ಒಟ್ಟು 9,140 ಫೈಲು. ಅದರಲ್ಲಿ 212 ಹಾಡುಗಳ ಹೆಸರು ಟ್ರ್ಯಾಕ್ 01.

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಕೆಲಸವನ್ನ ಮಷೀನಿಗೆ ಒಪ್ಪಿಸೋಣ ಅಂತ ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಹಾಕಿಕೊಂಡೆ. ಇದು ಉಚಿತ. ಹಾಡಿನ ಮೊದಲ ಎರಡು ನಿಮಿಷದ ಸದ್ದಿನಿಂದ ಒಂದು ಬೆರಳಚ್ಚು ತೆಗೆದು, ಅದೇ ಬೆರಳಚ್ಚು ಬೇರೆ ಯಾರಾದರೂ ಕೊಟ್ಟಿದ್ದಾರಾ ಅಂತ ಹುಡುಕುತ್ತದೆ. ಸಿಕ್ಕರೆ ಹೆಸರು, ಆಲ್ಬಂ, ವರ್ಷ ಎಲ್ಲಾ ತಾನೇ ತುಂಬುತ್ತದೆ. ನನ್ನ ಇಂಗ್ಲಿಷ್ ಹಾಡುಗಳನ್ನ ಹತ್ತು ನಿಮಿಷದಲ್ಲಿ ಜೋಡಿಸಿಕೊಟ್ಟಿತು, ನೋಡಿ ಖುಷಿಯಾಯಿತು. ಹಿಂದಿಯವು ಅರ್ಧಕ್ಕಿಂತ ಜಾಸ್ತಿ ಸಿಕ್ಕವು. ಕನ್ನಡದವು ಅಲ್ಲೊಂದು ಇಲ್ಲೊಂದು. ತಪ್ಪು ಅದರದ್ದಲ್ಲ. ಆ ಪಟ್ಟಿಗೆ ಹೆಸರು ಸೇರಿಸೋರು ನಮ್ಮ ನಿಮ್ಮಂಥವರೇ. ಯಾರೂ ಸೇರಿಸದಿದ್ದರೆ ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ಅಪ್ಪ ರೇಡಿಯೋದಿಂದ ಹಿಡಿದ ಹಾಡುಗಳ ಬಗ್ಗೆಯಂತೂ ಕೇಳೋದೇ ಬೇಡ.

ಹಾಗಾಗಿ ಕೈಯಿಂದಲೇ ಮಾಡಬೇಕಾಯಿತು. ಮ್ಯೂಸಿಕ್‌ಬೀ ಅನ್ನೋ ಪ್ಲೇಯರನ್ನ ಲೈಬ್ರರಿಗೆ ಇಟ್ಟುಕೊಂಡೆ. ಒಟ್ಟೊಟ್ಟಿಗೆ ನೂರಾರು ಫೈಲಿನ ಟ್ಯಾಗ್ ಬದಲಿಸೋಕೆ ಎಂಪಿ3ಟ್ಯಾಗ್. ಟ್ಯಾಗ್ ಅಂದರೆ ಫೈಲಿನೊಳಗೇ ಬರೆದಿಡೋ ಹಾಡಿನ ಹೆಸರು, ಗಾಯಕರು ಇಂಥ ವಿವರ. ಜೊತೆಗೆ ಮೇಜಿನ ಮೇಲೆ ಅಪ್ಪನ ನೋಟ್‌ಬುಕ್.

ಮೊದಲ ಸಂಜೆಯೇ ಸಿಕ್ಕಿಬಿದ್ದೆ. ಟ್ಯಾಗ್ ತುಂಬೋ ಕಿಟಕಿಯಲ್ಲಿ ಎದ್ದು ಕಾಣುವ ಡಬ್ಬಿಗಳು ಮೂರು: ಟೈಟಲ್, ಆರ್ಟಿಸ್ಟ್, ಆಲ್ಬಂ. ಆಲ್ಬಂ ಅಂದರೆ ಸಿನಿಮಾ, ಸರಿ. ಆರ್ಟಿಸ್ಟ್ ಅಂದರೆ ಯಾರು? ಹಾಡಿದವರಾ? ಸಂಗೀತ ಕೊಟ್ಟವರಾ? ಭಾವಗೀತೆಗಾದರೆ ಕವಿಯನ್ನ ಹಾಡಿದವರಷ್ಟೇ ದೊಡ್ಡ ಹೆಸರಿನಲ್ಲಿ ಹೇಳುತ್ತೇವೆ. ಒಬ್ಬ ಗಾಯಕ, ಅವನದೇ ಹಾಡು, ಅವನದೇ ಆಲ್ಬಂ ಅನ್ನೋ ಲೆಕ್ಕದಲ್ಲಿ ಮಾಡಿದ ಡಬ್ಬಿಗಳು ಇವು. ನಮ್ಮ ಮನೆಯಲ್ಲಿ ಯಾರೂ ಹಾಗೆ ಹಾಡು ಕೇಳೋದಿಲ್ಲ. ಅಮ್ಮ ಕೇಳಿದ್ದು ಕಲ್ಪನಾ ಹಾಡು. ಕಲ್ಪನಾ ಅದನ್ನ ಹಾಡಿದವರಲ್ಲ, ಬರೆದವರಲ್ಲ, ಪರದೆ ಮೇಲೆ ತುಟಿ ಆಡಿಸಿದವರು. ಆದರೂ ಅದು ಕಲ್ಪನಾ ಹಾಡೇ.

ರಾಜ್‌ಕುಮಾರ್ ವಿಷಯ ಇನ್ನೂ ಮಜ. ಬಹಳ ಕಾಲ ಅವರಿಗೆ ಹಾಡಿದ್ದು ಪಿ. ಬಿ. ಶ್ರೀನಿವಾಸ್. 1974ರಿಂದೀಚೆಗೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನ ಹೆಚ್ಚಾಗಿ ತಾವೇ ಹಾಡತೊಡಗಿದರು. ನನ್ನ ಫೈಲುಗಳಲ್ಲಿ ಎರಡೂ ಕಾಲದ ಹಾಡುಗಳಿಗೆ ಆರ್ಟಿಸ್ಟ್ ರಾಜ್‌ಕುಮಾರ್ ಅಂತಲೇ ಇತ್ತು. ಯಾರೋ ಪೋಸ್ಟರ್ ನೋಡಿ ತುಂಬಿದ್ದಿರಬೇಕು. ಒಂದೊಂದನ್ನೇ ಹಾಕಿ ದನಿ ಕೇಳಿ ಬೇರೆ ಮಾಡಬೇಕಾಯಿತು. ಬೇಜಾರಿನ ಕೆಲಸ ಅಂತ ಹೇಳಲಾರೆ. ಪಿಬಿಎಸ್ ದನಿಯ ಮೂರು ಸೆಕೆಂಡು ಸಾಕು.

ಕೊನೆಗೆ ಹೀಗೆ ಮಾಡಿಕೊಂಡೆ: ಆರ್ಟಿಸ್ಟ್ ಅಂದರೆ ಹಾಡಿದವರು ಮಾತ್ರ. ಕಂಪೋಸರ್ ಡಬ್ಬಿಗೆ ಸಂಗೀತ. ಲಿರಿಸಿಸ್ಟ್ ಅಂತ ಒಂದು ಡಬ್ಬಿ ಇದ್ದೇ ಇದೆ, ಯಾರೂ ತುಂಬೋದಿಲ್ಲ ಅಷ್ಟೆ. ಅದಕ್ಕೆ ಸಾಹಿತ್ಯ. ಆಮೇಲೆ ‘ತೆರೆಯ ಮೇಲೆ’ ಅಂತ ನನ್ನದೇ ಒಂದು ಕಾಲಂ. ಮ್ಯೂಸಿಕ್‌ಬೀಯಲ್ಲಿ ಹೀಗೆ ಸ್ವಂತ ಕಾಲಂ ಸೇರಿಸಬಹುದು. ಆ ಕಾಲಂಗೆ ಮೊದಲು ತುಂಬಿದ ಹೆಸರು ಕಲ್ಪನಾ.

ಇನ್ನು ಹೆಸರುಗಳ ಕಾಗುಣಿತ. ಎಸ್. ಜಾನಕಿ, ಎಸ್ ಜಾನಕಿ, ಎಸ್.ಜಾನಕಿ, ಯಸ್. ಜಾನಕಿ, ಜಾನಕಿ ಎಸ್. ನಮಗೆ ಒಬ್ಬರೇ ಜಾನಕಿ. ಪ್ಲೇಯರಿಗೆ ಐದು ಜನ. ಒಂದು ಚುಕ್ಕಿ, ಒಂದು ಜಾಗ ಆಚೀಚೆ ಆದರೂ ಅದಕ್ಕೆ ಬೇರೆ ಮನುಷ್ಯ. ಡಾ. ರಾಜ್‌ಕುಮಾರ್ ‘ಡ’ ಅಕ್ಷರದ ಕೆಳಗೆ, ಬರೀ ರಾಜ್‌ಕುಮಾರ್ ‘ರ’ ಕೆಳಗೆ. ಎಲ್ಲಾ ಆರಿಸಿ ಒಂದೇ ಸಲ ಬದಲಿಸಿದರೆ ಆಯಿತು, ಕಷ್ಟವೇನಿಲ್ಲ. ಹಾಗಂತ ಅಂದುಕೊಂಡಿದ್ದೆ.

ಎಲ್ಲಾ ಬದಲಿಸಿದ ಮೇಲೂ ಪಟ್ಟಿಯಲ್ಲಿ ಇಬ್ಬರು ರಾಜ್‌ಕುಮಾರ್ ಉಳಿದರು. ಒಬ್ಬರ ಕೆಳಗೊಬ್ಬರು. ಅಕ್ಷರ ಅಕ್ಷರ ಹೋಲಿಸಿದೆ, ಒಂದೇ. ಜಾಗ ಬಿಟ್ಟಿದೆಯಾ ನೋಡಿದೆ, ಇಲ್ಲ. ಪ್ಲೇಯರನ್ನ ಮುಚ್ಚಿ ತೆಗೆದೆ, ಇಬ್ಬರೂ ಅಲ್ಲೇ. ರಾತ್ರಿ ಹನ್ನೊಂದೂವರೆ. ಸುಮ್ನೆ ಸಿಟ್ಟಿಗೆ ಎರಡನೇ ಹೆಸರಿನ ಕೊನೆಯಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದೆ. ಏನೂ ಅಳಿಸಲಿಲ್ಲ. ಇನ್ನೊಂದು ಸಲ ಒತ್ತಿದೆ. ಆಗ ‘ರ್’ ಹೋಗಿ ‘ರ’ ಆಯಿತು.

ಅಂದರೆ ಮೊದಲ ಸಲ ಅಳಿಸಿದ್ದು ಕಣ್ಣಿಗೆ ಕಾಣದ ಏನೋ ಒಂದು. ಕನ್ನಡ ಟೈಪ್ ಮಾಡೋರಿಗೆ ಇದು ಗೊತ್ತಿರುತ್ತದೆ. ‘ರಾಜ್’ ಮತ್ತು ‘ಕುಮಾರ್’ ಸೇರಿ ಒತ್ತಕ್ಷರ ಆಗಬಾರದು ಅಂದರೆ ನಡುವೆ ಒಂದು ಕಾಣದ ಅಕ್ಷರ ಹಾಕಬೇಕು. ಇಲ್ಲದಿದ್ದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಕೆಲವು ಕೀಬೋರ್ಡುಗಳು ಪದದ ಕೊನೆಯ ಅರ್ಧಾಕ್ಷರಕ್ಕೂ ಅದನ್ನ ಅಂಟಿಸಿಬಿಡುತ್ತವೆ. ಎಣಿಸಿದರೆ ಒಬ್ಬ ರಾಜ್‌ಕುಮಾರ್‌ಗೆ 11 ಸಂಕೇತ, ಇನ್ನೊಬ್ಬರಿಗೆ 12. ಎಂಪಿ3ಟ್ಯಾಗಿನಲ್ಲಿ ಹೆಸರಿನ ಕೊನೆಯ ಆ ಕಾಣದ ಅಕ್ಷರವನ್ನ ಅಳಿಸೋ ಹಾಗೆ ಒಂದು ಆಕ್ಷನ್ ಮಾಡಿಟ್ಟುಕೊಂಡು ಲೈಬ್ರರಿ ಪೂರ್ತಿ ಓಡಿಸಿದೆ. ಇಬ್ಬರು ರಾಜ್‌ಕುಮಾರ್ ಒಬ್ಬರಾದರು. ವಿಷ್ಣುವರ್ಧನ್, ಅನಂತನಾಗ್, ಶಂಕರ್‌ನಾಗ್ ಕೂಡ. ಕೊನೆಯಲ್ಲಿ ಅರ್ಧಾಕ್ಷರ ಇರೋರಿಗೆಲ್ಲ ಈ ಜೋಡಿ ಅಂಟಿಕೊಂಡಿತ್ತು. ಕಲ್ಪನಾ, ಭಾರತಿ, ಜಯಂತಿ ಬಚಾವ್.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಒಂದು ಸಿಡಿಯೂ ಇತ್ತು. ಅದರ ಹೆಸರುಗಳು ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಯೂನಿಕೋಡಿಗೆ ಬದಲಿಸೋ ಕನ್ವರ್ಟರಿಗೆ ಹಾಕಿದೆ, ಕನ್ನಡ ಬಂತು. ಅದು ಐದು ನಿಮಿಷದ ಕೆಲಸ, ಬಿಡಿ.

ವಾರಾಂತ್ಯಕ್ಕೆ ಲ್ಯಾಪ್‌ಟಾಪ್ ಹಿಡಿದು ಶಿವಮೊಗ್ಗಕ್ಕೆ ಹೋದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ‘ನಾಗರಹಾವು’ ಆಲ್ಬಂ ತೆಗೆದು ತೋರಿಸಿದೆ. ಹಾಡುಗಳು ಬರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇದ್ದವು. ಮೊದಲನೆಯದು ವಿಜಯಭಾಸ್ಕರ್ ಸಂಗೀತದ್ದು. ಮುಂದಿನದು ಹಂಸಲೇಖ ಅವರದು, ಅದರ ಮುಂದಿನದು ಗುರುಕಿರಣ್ ಅವರದು. ಆ ಹೆಸರಿನ ಸಿನಿಮಾ ಮೂರು ಸಲ ಬಂದಿದೆ: 1972, 2002, 2016. ಪ್ಲೇಯರಿಗೆ ಹೆಸರು ಒಂದೇ ಕಂಡಿತು. ಆಲ್ಬಂ ಆರ್ಟಿಸ್ಟ್ ಡಬ್ಬಿಯಲ್ಲೂ ಮೂರಕ್ಕೂ ವೇರಿಯಸ್ ಆರ್ಟಿಸ್ಟ್ಸ್ ಅಂತಲೇ ಇತ್ತು. ಮೂರನ್ನೂ ಸೇರಿಸಿ ಒಂದು ಮಾಡಿಬಿಟ್ಟಿತ್ತು.

ಅಪ್ಪನಿಗೆ ನಗು ಬಂತು. "ನಮಗೂ ಇದೇ ಗೋಳಾಗಿತ್ತು" ಅಂದರು. "ರಾಮಪುರ ಅಂತ ಬರೆದು ಡಬ್ಬಿಗೆ ಹಾಕಿರೋರು. ಎಷ್ಟು ರಾಮಪುರ ಇದಾವೆ ಗೊತ್ತಾ? ತಾಲ್ಲೂಕು ಇಲ್ಲ, ಜಿಲ್ಲೆ ಇಲ್ಲ. ಪಿನ್ ಕೋಡ್ ಮಾಡಿದ್ದೇ ಇಂಥದ್ದಕ್ಕೆ."

ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಮೊದಲ ನಾಗರಹಾವು ಬಂದ ವರ್ಷವೇ. ಅಪ್ಪ ಕೆಲಸಕ್ಕೆ ಸೇರಿದ್ದು ಅದಾದ ಮೇಲೆ. ಆದರೆ ಜನ ಪಿನ್ ಬರೆಯೋ ರೂಢಿ ಮಾಡಿಕೊಳ್ಳೋಕೆ ಎಷ್ಟೋ ವರ್ಷ ಹಿಡಿಯಿತಂತೆ. "ವರ್ಷ ಹಾಕು. ಅದೇ ಇದಕ್ಕೆ ಪಿನ್" ಅಂದರು. ಆಲ್ಬಂ ಹೆಸರಿನ ಮುಂದೆ ವರ್ಷ ಹಾಕಿದೆ, ಆಲ್ಬಂ ಆರ್ಟಿಸ್ಟ್ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿದೆ. ಮೂರು ಹಾವು ಮೂರು ಹುತ್ತಕ್ಕೆ ಹೋದವು. ಗಂಧದ ಗುಡಿಗೂ ಇದೇ ಔಷಧಿ. 1973ರದ್ದು ಒಂದು, 2022ರದ್ದು ಒಂದು.

ಅವತ್ತಿನಿಂದ ಈ ಕೆಲಸ ಅಪ್ಪನದೂ ಆಯಿತು. ಟ್ಯಾಗ್ ಇಲ್ಲದ ಫೈಲಿಗೆ ಅವರು ‘ಅಡ್ರೆಸ್ ಇಲ್ಲದ್ದು’ ಅನ್ನೋರು.

ಅಡ್ರೆಸ್ ತಪ್ಪಿದ್ದೂ ಬೇಕಾದಷ್ಟಿತ್ತು. ಅಮ್ಮ ಶನಿವಾರ ಬೆಳಿಗ್ಗೆ ಹಾಕಿಕೊಳ್ಳೋ ದಾಸರ ಪದಗಳೆಲ್ಲ ಜಾನರ್ (ಹಾಡಿನ ಬಗೆ) ಕಾಲಂನಲ್ಲಿ ಬ್ಲೂಸ್ ಅಂತ ತೋರಿಸುತ್ತಿದ್ದವು. ಭೀಮಸೇನ ಜೋಶಿಯವರ ದಾಸವಾಣಿ ಬ್ಲೂಸ್. ಅಮ್ಮ "ಹಾಗಂದ್ರೇನೇ?" ಅಂದಳು. ಅಮೆರಿಕದ ಕರಿಯ ಜನರ ಒಂದು ಬಗೆಯ ಹಾಡು, ದುಃಖ ಹೇಳಿಕೊಳ್ಳೋದು ಅಂದೆ. "ಹಾಗಾದ್ರೆ ಪೂರ್ತಿ ತಪ್ಪೇನಲ್ಲ ಬಿಡು" ಅಂದಳು.

ಕಾರಣ ಮಾತ್ರ ಸಂಗೀತದ್ದಲ್ಲ, ಲೆಕ್ಕದ್ದು. ಎಂಪಿ3ಗೆ ಮೊದಲು ಬಂದ ಟ್ಯಾಗ್ 1996ರದ್ದು, ಐಡಿ3 ಅಂತ. ಫೈಲಿನ ಕಟ್ಟಕಡೆಯ 128 ಬೈಟ್ ಅದರ ಜಾಗ. ಟ್ಯಾಗ್ ಇದೆ ಅನ್ನೋ ಗುರುತಿಗೆ 3, ಹಾಡಿನ ಹೆಸರಿಗೆ 30, ಆರ್ಟಿಸ್ಟಿಗೆ 30, ಆಲ್ಬಂಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಕೊನೆಯ ಒಂದೇ ಒಂದು ಬೈಟ್ ಜಾನರಿಗೆ. ಅಲ್ಲಿ ಹೆಸರು ಬರೆಯೋದಿಲ್ಲ, ಪಟ್ಟಿಯ ನಂಬರ್ ಬರೆಯೋದು. ಆ ಪಟ್ಟಿ ಸೊನ್ನೆಯಿಂದ ಶುರು. ಸೊನ್ನೆ ಅಂದರೆ ಬ್ಲೂಸ್. ಏನೂ ತುಂಬದೆ ಸೊನ್ನೆ ಬಿಟ್ಟರೆ ದಾಸರೂ ಬ್ಲೂಸ್, ಯಕ್ಷಗಾನವೂ ಬ್ಲೂಸ್. ನನ್ನಲ್ಲಿದ್ದ ಉದ್ದುದ್ದ ಹೆಸರುಗಳೆಲ್ಲ ನಡುವೆ ಕತ್ತರಿಸಿ ಹೋಗಿದ್ದಕ್ಕೂ ಆ 30ರ ಅಳತೆಯೇ ಕಾರಣ.

ಇದನ್ನ ಅಪ್ಪನಿಗೆ ವಿವರಿಸುತ್ತಿದ್ದೆ. ಹೆಸರು ಕೊನೆಯಲ್ಲಿರುತ್ತೆ, ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಹಾಡು ಬಂದರೂ ಹೆಸರು ಬರೋದಿಲ್ಲ, ಅದಕ್ಕೇ 1998ರಲ್ಲಿ ಎರಡನೇ ಆವೃತ್ತಿ ಬಂದು ಟ್ಯಾಗನ್ನ ಫೈಲಿನ ಮುಂದಕ್ಕೆ ತಂದರು ಅಂತ. ಅಪ್ಪ ಕೇಳಿಸಿಕೊಂಡು, "ಅಂಕಿತ ಇದ್ದ ಹಾಗೆ" ಅಂದರು.

ನನಗೆ ಅರ್ಥ ಆಗಲಿಲ್ಲ.

"ಯಾರು ಬರೆದಿದ್ದು ಅಂತ ಗೊತ್ತಿಲ್ಲ ಅಂತ ಒದ್ದಾಡ್ತಿದೀಯಲ್ಲ. ಕೊನೆ ಚರಣ ಕೇಳು. ಸಹಿ ಅಲ್ಲೇ ಇರುತ್ತೆ."

ಅದುವರೆಗೂ ನಾನು ಹಾಡಿನ ಮೊದಲ ಸಾಲು ಗೂಗಲ್ ಮಾಡುತ್ತಾ ಕೂತಿದ್ದೆ! ಈಗ ಹಾಡಿನ ಕೊನೆಯ ಒಂದು ನಿಮಿಷಕ್ಕೆ ಹಾರಿದರೆ ಸಾಕಾಯಿತು. ಪುರಂದರ ವಿಠಲ ಬಂದರೆ ಪುರಂದರದಾಸರು. ಕಾಗಿನೆಲೆಯಾದಿಕೇಶವ ಬಂದರೆ ಕನಕದಾಸರು. ವಚನಗಳೂ ಹಾಗೇ. ಕೂಡಲಸಂಗಮದೇವ ಅಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಗುಹೇಶ್ವರ ಅಂದರೆ ಅಲ್ಲಮ. ಒಂದು ಸಂಜೆಗೆ 140 ಹಾಡುಗಳ ಸಾಹಿತ್ಯದ ಡಬ್ಬಿ ತುಂಬಿತು. ಮಲ್ಲಿಕಾರ್ಜುನ ಮನ್ಸೂರರ ವಚನಗಳಿಗೆ ಮಾತ್ರ ಕೊನೆಗೆ ಹಾರೋ ಮನಸ್ಸಾಗಲಿಲ್ಲ. ಪೂರ್ತಿ ಕೇಳಿದೆವು. ಅವತ್ತಿನ ಲೆಕ್ಕ ಅಲ್ಲೇ ನಿಂತಿತು.

ಇದರಲ್ಲೂ ಒಂದು ಎಡವಟ್ಟು ಮಾಡಿದೆ. ಹೆಡ್‌ಫೋನಿನಲ್ಲಿ ‘ವಿಠಲ’ ಕೇಳಿಸಿದ ಕೂಡಲೇ ಪುರಂದರದಾಸರು ಅಂತ ಬರೆದು ಮುಂದೆ ಹೋಗುತ್ತಿದ್ದೆ. ಪಟ್ಟಿ ನೋಡಿದ ಅಮ್ಮ ಹಣೆ ಚಚ್ಚಿಕೊಂಡಳು. "ವಿಜಯ ವಿಠಲ ಅಂದ್ರೆ ವಿಜಯದಾಸರು ಕಣೇ. ಗೋಪಾಲ ವಿಠಲ ಬೇರೆ, ಜಗನ್ನಾಥ ವಿಠಲ ಬೇರೆ. ವಿಠಲ ಎಲ್ಲರಿಗೂ ಒಬ್ಬನೇ, ಅದರ ಮುಂದಿಂದು ನೋಡ್ಬೇಕು." 26 ಹಾಡುಗಳನ್ನ ಪುರಂದರದಾಸರಿಂದ ಬಿಡಿಸಿ ಅವರವರಿಗೆ ಕೊಟ್ಟದ್ದಾಯಿತು. ಕೆಲವು ಹಾಡುಗಳಲ್ಲಿ ಕೊನೆ ಚರಣವನ್ನೇ ಹಾಡಿರಲಿಲ್ಲ. ಅವು ಅಡ್ರೆಸ್ ಇಲ್ಲದ್ದರ ಗುಂಪಿಗೆ.

ರೇಡಿಯೋ ರೆಕಾರ್ಡಿಂಗುಗಳಲ್ಲಿ ಇದರ ಉಲ್ಟಾ. ಅಲ್ಲಿ ಅಡ್ರೆಸ್ ಮುಂದೆಯೇ ಇರುತ್ತದೆ. ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ಒಂದೂ ಬಿಡದೆ ಹೇಳಿ ಆಮೇಲೆ ಹಾಡು ಹಾಕುತ್ತಾರೆ. ಆದರೆ ಅಪ್ಪ ಹಾಡು ಇಷ್ಟವಾದ ಮೇಲೆ ತಾನೇ ಗುಂಡಿ ಒತ್ತುತ್ತಿದ್ದದ್ದು! ಎಷ್ಟೋ ಕಡೆ ಮಾತು ತಪ್ಪಿಹೋಗಿದೆ. ಎಲ್ಲಿ ಸಿಕ್ಕಿದೆಯೋ ಅಲ್ಲಿ ಅರ್ಧ ವಾಕ್ಯವಾದರೂ ಕತ್ತರಿಸದೆ ಬಿಟ್ಟೆ. ಹಾಡು ಮಾತ್ರ ಇರಲಿ, ಮಾತು ಯಾಕೆ ಅಂತ ತಮ್ಮ ಕೇಳಿದ. ಅವನಿಗೆ ಬೇಕಾದರೆ ಅವನು ಕತ್ತರಿಸಿಕೊಳ್ಳಲಿ.

ಈಗ ನನ್ನ ದೊಡ್ಡ ತಪ್ಪು. ಚಿಕ್ಕಪ್ಪನ ಮಗನ ಹಾರ್ಡ್ ಡಿಸ್ಕಿನಿಂದ ಬಂದ 386 ಫೈಲುಗಳಿಗೆ ಟ್ಯಾಗ್ ಅಷ್ಟಕ್ಕಷ್ಟೆ ಇತ್ತು. ಆದರೆ ಫೈಲಿನ ಹೆಸರಿನಲ್ಲೇ ಹಾಡು, ನಡುವೆ ಅಡ್ಡಗೆರೆ, ಗಾಯಕರು ಅಂತ ಇತ್ತು. ಎಂಪಿ3ಟ್ಯಾಗಿಗೆ ಒಂದು ನಮೂನೆ ಹೇಳಿಕೊಟ್ಟರೆ ಫೈಲಿನ ಹೆಸರನ್ನ ಒಡೆದು ಟ್ಯಾಗ್ ತುಂಬುತ್ತದೆ. ಮೊದಲ ಹತ್ತು ಫೈಲು ನೋಡಿದೆ, ಸರಿಯಿತ್ತು. 386ನ್ನೂ ಆರಿಸಿ ಒತ್ತಿದೆ, ಮುಚ್ಚಿ ಮಲಗಿದೆ. ಬೆಳಿಗ್ಗೆ ಲೈಬ್ರರಿಯಲ್ಲಿ ಇನ್ನೂರಕ್ಕೂ ಹೆಚ್ಚು ಹೊಸ ಗಾಯಕರು ಹುಟ್ಟಿಕೊಂಡಿದ್ದರು. ಹಾಡುಗಳ ಮೊದಲ ಸಾಲುಗಳೇ ಗಾಯಕರ ಹೆಸರಾಗಿದ್ದವು. ಅರ್ಧದಷ್ಟು ಫೈಲುಗಳಲ್ಲಿ ಕ್ರಮ ತಿರುಗಾಮುರುಗಾ ಇದ್ದದ್ದನ್ನ ನಾನು ನೋಡಿರಲಿಲ್ಲ. ಹಿಂದಕ್ಕೆ ಹೋಗೋಣ ಅಂದರೆ ರಾತ್ರಿಯೇ ಕಿಟಕಿ ಮುಚ್ಚಿದ್ದೆ. ಬ್ಯಾಕಪ್? ಇರಲಿಲ್ಲ. ಪುಣ್ಯಕ್ಕೆ ಫೈಲಿನ ಹೆಸರುಗಳು ಹಾಗೇ ಇದ್ದವು. ಎರಡು ಗುಂಪು ಮಾಡಿ ಮತ್ತೆ ಒಡೆದೆ. ಮೊದಲಿದ್ದ ಅಲ್ಪಸ್ವಲ್ಪ ಟ್ಯಾಗ್, ವರ್ಷ ಪರ್ಷ, ಹೋದದ್ದು ಹೋಯಿತೇ. ಮಧ್ಯಾಹ್ನವೇ ಹೋಗಿ ಒಂದು ಟಿಬಿ ಹಾರ್ಡ್ ಡಿಸ್ಕ್ ತಂದೆ. ಈಗ ಪ್ರತಿ ಭಾನುವಾರ ಒಂದು ಪ್ರತಿ.

ಡೂಪ್ಲಿಕೇಟ್ ಅಳಿಸೋವಾಗಲೂ ಕೈ ನಡುಗುವುದು ಒಳ್ಳೆಯದು. ಹೆಸರು ಒಂದೇ, ಉದ್ದ ಹೆಚ್ಚುಕಡಿಮೆ ಒಂದೇ ಅಂತ ಪ್ಲೇಯರು ಜೋಡಿ ಮಾಡಿ ತೋರಿಸಿದ್ದರಲ್ಲಿ, ಒಂದೇ ಕೃತಿಯನ್ನ ಬೇರೆ ಬೇರೆಯವರು ಹಾಡಿದ್ದು ಎಷ್ಟೋ ಇತ್ತು. ಸಿನಿಮಾ ಹಾಡಿನ ಲೆಕ್ಕ ಸಂಗೀತ ಕಛೇರಿಗೆ ಹೊಂದೋದಿಲ್ಲ. ಅವುಗಳಿಗೆ ರಾಗ ಅಂತ ಇನ್ನೊಂದು ಕಾಲಂ ಮಾಡಿದೆ. ಅಪ್ಪನ ನೋಟ್‌ಬುಕ್ಕಿನಲ್ಲಿ ಅದೂ ಇತ್ತು.

ಎರಡು ತಿಂಗಳಿಗೆ ಲೈಬ್ರರಿ ಒಂದು ಹದಕ್ಕೆ ಬಂತು. ಎಲ್ಲಾ ಹೆಸರೂ ಕನ್ನಡದಲ್ಲಿ. ಪೆನ್‌ಡ್ರೈವಿಗೆ ತುಂಬಿ ಕಾರಿಗೆ ಹಾಕಿದೆ. ಸ್ಕ್ರೀನಿನ ತುಂಬ ಚೌಕ ಚೌಕ ಡಬ್ಬಿಗಳು. ಆ ಸ್ಟೀರಿಯೋಗೆ ಕನ್ನಡವೇ ಬರೋದಿಲ್ಲ!

ಅಳು ಬರೋದೊಂದು ಬಾಕಿ. ಹಳೆಯ ಇಂಗ್ಲಿಷ್ ಹೆಸರುಗಳನ್ನ ಅಳಿಸದೆ ಪಕ್ಕದ ಒಂದು ಕಾಲಂಗೆ ಸರಿಸಿಟ್ಟಿದ್ದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಈಗ ಅದು ಕೆಲಸಕ್ಕೆ ಬಂತು. ಕಾರಿಗೆ ಅಂತಲೇ ಬೇರೆ ಪ್ರತಿ ಮಾಡಿ, ಅದರಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ ಇಟ್ಟೆ. ಒಳಗೆ ಸೇರಿಸಿದ್ದ ಮುಖಚಿತ್ರಗಳನ್ನೂ ಆ ಪ್ರತಿಯಿಂದ ತೆಗೆದೆ. ಒಂದಕ್ಕೆ 50 ಕೆಬಿ ಅಂದರೂ 9,000 ಹಾಡಿಗೆ 450 ಎಂಬಿ, ನೋಡೋಕೆ ಯಾರಿಗೆ ಪುರುಸೊತ್ತು? ಆಮೇಲೆ ಇನ್ನೊಂದು ತಿಳಿಯಿತು. ಈ ಸ್ಟೀರಿಯೋ ಹೆಸರಿನ ಕ್ರಮದಲ್ಲಿ ಹಾಡೋದಿಲ್ಲ, ಪೆನ್‌ಡ್ರೈವಿಗೆ ಯಾವುದು ಮೊದಲು ಕಾಪಿಯಾಯಿತೋ ಅದೇ ಮೊದಲು. ಅದಕ್ಕೆ ಫೋಲ್ಡರುಗಳನ್ನ ಒಂದೊಂದಾಗಿ ಸರದಿಯಲ್ಲಿ ಹಾಕಬೇಕು. ಅಮ್ಮನ ಫೋಲ್ಡರ್ ಮೊದಲು ಹಾಕಿದೆ. ಕಾರು ಸ್ಟಾರ್ಟ್ ಮಾಡಿದರೆ ಈಗ ಮೊದಲು ಬರೋದು ಅವಳು ಅವತ್ತು ಕೇಳಿದ ಹಾಡೇ. ಮೂರು ಸಲ ಕೇಳಿದ ಮೇಲೆ, "ಬೇರೆ ಹಾಕೇ, ಎಷ್ಟು ಸಲ ಅದನ್ನೇ" ಅಂದಳು.

ಇನ್ನೂ 88 ಫೈಲು ಉಳಿದಿದ್ದವು. ನೋಟ್‌ಬುಕ್ಕಿನಲ್ಲಿಲ್ಲ, ಅಂಕಿತ ಇಲ್ಲ, ಉದ್ಘೋಷಕರ ಮಾತಿಲ್ಲ. ಅವುಗಳ ಫೋಲ್ಡರಿಗೆ ಅಪ್ಪ ಆರ್‌ಎಲ್‌ಓ ಅಂತ ಹೆಸರಿಡಿಸಿದರು. ರಿಟರ್ನ್ಡ್ ಲೆಟರ್ ಆಫೀಸ್. ಕೊಡಬೇಕಾದವರಿಗೆ ಕೊಡಲಾಗದೆ, ಕಳಿಸಿದವರು ಯಾರು ಅಂತಲೂ ತಿಳಿಯದೆ ಉಳಿದ ಕಾಗದಗಳು ಹೋಗೋ ಜಾಗ. ಅಲ್ಲಿ ಮಾತ್ರ ಕಾಗದ ಒಡೆದು ನೋಡೋಕೆ ಅನುಮತಿ ಇತ್ತಂತೆ. ಒಳಗೆ ಎಲ್ಲಾದರೂ ಅಡ್ರೆಸ್ ಸಿಗುತ್ತಾ ಅಂತ.

ಆ ಫೋಲ್ಡರನ್ನ ಅಪ್ಪನ ಫೋನಿಗೆ ಹಾಕಿಕೊಟ್ಟು ಬೆಂಗಳೂರಿಗೆ ಬಂದೆ. ಬೆಳಿಗ್ಗೆ ವಾಕಿಂಗಿನಲ್ಲಿ ಕೇಳುತ್ತಾರೆ. ಗೆಳೆಯರಿಗೂ ಕೇಳಿಸುತ್ತಾರೆ. ಗೊತ್ತಾದದ್ದನ್ನ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದಿಟ್ಟುಕೊಂಡು ರಾತ್ರಿ ಊಟ ಆದ ಮೇಲೆ ಫೋನ್ ಮಾಡುತ್ತಾರೆ. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

"57 ತೆಗಿ" ಅಂದರು ನಿನ್ನೆ. "ಡೆಲಿವರಿ ಆಯ್ತು. ಬರ್ಕೋ."